ಏಳನೇ ನಂಬರಿನ ಹಲಗೆ

ಹೊಳೆಕೊಪ್ಪಲು, ಕೆ.ಆರ್. ಪೇಟೆ ತಾಲ್ಲೂಕು
೧೮ ಫೆಬ್ರವರಿ ೨೦೨೪

ಸಿದ್ದರಾಜುವಿಗೆ,

ನಿನ್ನೆ ಮಧ್ಯಾಹ್ನ ನಮ್ಮ ಮೀನುಗಾರರ ಸಂಘದ ಸಭೆ ನಡೆಯಿತು. ಹಿನ್ನೀರಿನ ನಮ್ಮ ಭಾಗದಲ್ಲಿ ಇನ್ನು ಮುಂದೆ ಲೈಸೆನ್ಸ್ ಇಲ್ಲದ ತೆಪ್ಪ ಇಳಿಯುವಂತಿಲ್ಲ ಎಂದು ತೀರ್ಮಾನವಾಯಿತು. ಒಬ್ಬರಿಗೊಂದೇ ತೆಪ್ಪ, ತೆಪ್ಪಕ್ಕೊಂದು ನಂಬರು. ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬೋಟು ಹತ್ತಿದರೆ ನೀನು ವಾರಗಟ್ಟಲೆ ಸಿಗುವುದಿಲ್ಲ. ಸಿಕ್ಕಾಗ ನಗಿಸಿ, ಮಾತನ್ನು ಬೇರೆ ಕಡೆಗೆ ಒಯ್ಯುತ್ತೀಯ. ಕಾಗದವಾದರೆ ನೀನು ಕೊನೆಯವರೆಗೆ ಓದಲೇಬೇಕು.

ನೀನು ಮಲ್ಪೆಗೆ ಹೋಗುವ ಮುಂಚೆ ನಮ್ಮ ಬಲೆಗೆ ಬೀಳುತ್ತಿದ್ದ ಕಾಟ್ಲಾ ನೆನಪಿದೆಯಲ್ಲ, ಒಂದನ್ನು ಒಳಗೆ ಎಳೆದುಕೊಂಡರೆ ತೆಪ್ಪವೇ ಒಂದು ಕಡೆಗೆ ವಾಲುತ್ತಿತ್ತು. ಹೋದ ವರ್ಷ ಸಿಕ್ಕಿದ್ದು ಬರೀ ಜಿಲೇಬಿ ಮೀನು, ಅದೂ ಅಂಗೈ ಅಗಲದ್ದು. ಎಲ್ಲಿಂದಲೋ ಬಂದ ತೆಪ್ಪಗಳು, ಸೊಳ್ಳೆ ಪರದೆಯಂಥ ಬಲೆಗಳು. ಮರಿಗಳೂ ಉಳಿಯುತ್ತಿರಲಿಲ್ಲ. ಮೀನುಗಾರಿಕೆ ಇಲಾಖೆಯ ರಘುನಂದನ್ ಸಾಹೇಬರು ಬಂದು, ಈ ನೀರು ಎಷ್ಟು ತೆಪ್ಪ ತಡೆಯುತ್ತದೆ ಎಂದು ನೀವೇ ಕೂತು ಹೇಳಿ, ಅಷ್ಟಕ್ಕೆ ಮಾತ್ರ ಲೈಸೆನ್ಸ್ ಕೊಡೋಣ ಎಂದರು. ಕೂತೆವು. ಕೂಗಾಡಿದೆವು. ಬಲೆಯ ಕಣ್ಣಿನಲ್ಲಿ ನಾಲ್ಕು ಬೆರಳು ಸಲೀಸಾಗಿ ಹೋಗಬೇಕು ಎಂದೂ, ಮೀನು ಮೊಟ್ಟೆಯಿಡುವ ಮೂರು ತಿಂಗಳು ಯಾರೂ ಬಲೆ ಬಿಡಬಾರದು ಎಂದೂ ಬರೆದುಕೊಂಡೆವು.

ಎರಡು ತೆಪ್ಪ ಇದ್ದವರು ಒಂದನ್ನು ಬಿಡಬೇಕಿತ್ತು. ಯಾರೂ ಮೊದಲು ಏಳಲಿಲ್ಲ. ಆಗ ಅಪ್ಪ ಎದ್ದ. "ಎಲ್ಡ್ ತೆಪ್ಪದಾಗೆ ಒಬ್ನೇ ಎಂಗ್ಲಾ ಕೂತ್ಕಳದು? ನಂದೊಂದ್ನ ತಗದಾಕ್ಕಳ್ರಪ್ಪ" ಎಂದ. ಮೀನು ಮಾರುವ ಪುಟ್ಟತಾಯಮ್ಮ ಸುಮ್ಮನಿರುತ್ತಾಳೆಯೇ? "ಮಗಳು ಅಧ್ಯಕ್ಷೆ ಆದ್ಲು ಅಂತ ಚಿಕ್ಕಯ್ಯ ದಾನಶೂರ ಆಗ್ಬುಟ್ಟ ನೋಡ್ರೇ" ಎಂದಳು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಎದ್ದರು.

ನಂಬರಿಗೆ ಚೀಟಿ ಎತ್ತಿದೆವು. ಅಪ್ಪನಿಗೆ ಏಳು ಬಂತು. ಊರಲ್ಲೆಲ್ಲ "ನಂದು ಏಳು" ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಮಂಡಿ ನೋವು ಹಾಗೇ ಇದೆ.

ನಿನ್ನ ಅಕ್ಕ
ಸುನಿತಾ

*

ಮಲ್ಪೆ
೯ ಮಾರ್ಚ್ ೨೦೨೪

ಅಕ್ಕ,

ನಿನ್ನ ಕಾಗದ ಬಂದಾಗ ನಾನು ಸಮುದ್ರದಲ್ಲಿದ್ದೆ. ಬಂದರಿನ ದಕ್ಕೆಗೆ ಬಂದ ಮೇಲೆ, ಮೀನು ಇಳಿಸಿ, ಡೆಕ್ ತೊಳೆದು, ಅಲ್ಲೇ ಕೂತು ಓದಿದೆ. ಅಧ್ಯಕ್ಷೆಯವರಿಗೆ ನಮಸ್ಕಾರ.

ನಮ್ಮ ಬೋಟು ನಡೆಸುವ ತಂಡೇಲರಿಗೂ, ತೆಪ್ಪ ಎಂದರೆ ಬಿದಿರಿನ ದುಂಡು ಬುಟ್ಟಿ ಎಂದು ವಿವರಿಸಿ, ಓದಿ ಹೇಳಿದೆ. "ಬುಟ್ಟಿಗೂ ಲೈಸೆನ್ಸ್ ಉಂಟಾ ಮಾರಾಯ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಲ್ಲಿಯ ಬೋಟುಗಳ ನಂಬರು ಬಸ್ಸಿನ ಬೋರ್ಡಿಗಿಂತ ದೊಡ್ಡದು. ಇಂಜಿನ್ನಿಗೆ ಲೆಕ್ಕ, ಬಲೆಗೆ ಲೆಕ್ಕ, ಎಷ್ಟು ದೂರ ಹೋಗಬೇಕು ಎಂಬುದಕ್ಕೂ ಲೆಕ್ಕ. ನನಗೆ ಸಿಟ್ಟು ಬಂತು. ನಮ್ಮಪ್ಪ ಆ ಬುಟ್ಟಿಯಲ್ಲಿ ಎದ್ದು ನಿಂತು ಬಲೆ ಬೀಸುತ್ತಾನೆ, ನೀವು ಒಂದು ಸಲ ನಿಂತು ತೋರಿಸಿ ಎಂದೆ. ಅವರು ನಗು ನಿಲ್ಲಿಸಿದರು. "ನಿಂತುಕೊಂಡಾ?" ಎಂದರು. ನಿಂತುಕೊಂಡೇ ಎಂದೆ.

ನಾನಿಲ್ಲಿ ಚೆನ್ನಾಗಿದ್ದೇನೆ. ಅಲೆ ಎಷ್ಟೇ ಎದ್ದರೂ ಕೈಬಿಟ್ಟು ನಿಲ್ಲುವವರು ನಮ್ಮ ಬೋಟಿನಲ್ಲಿ ಇಬ್ಬರೇ, ಅದರಲ್ಲಿ ನಾನೊಬ್ಬ. ಹೊಸದಾಗಿ ಬಂದವರಿಗೆಲ್ಲ "ಮಂಡ್ಯದವನನ್ನು ನೋಡಿ ಕಲೀರಿ" ಎನ್ನುತ್ತಾರೆ. ಅಪ್ಪನಿಗೆ ಇದನ್ನು ಓದಿ ಹೇಳು.

ಒಂದು ಮಾತು. ಅಪ್ಪನ ಮಂಡಿ ಹೀಗೇ ಇದ್ದರೆ ಎಷ್ಟು ದಿನ ಹುಟ್ಟು ಹಾಕುತ್ತಾನೆ? ಆಮೇಲೆ ಆ ಏಳನೇ ನಂಬರು ಯಾರಿಗೆ? ಮಗನಿಗೆ ಬರುವ ಹಾಗಿದೆಯಾ? ಸುಮ್ಮನೆ ಕೇಳಿದೆ.

ಸಿದ್ದರಾಜು

*

ಹೊಳೆಕೊಪ್ಪಲು
೨ ಏಪ್ರಿಲ್ ೨೦೨೪

ಸಿದ್ದ,

ಸುಮ್ಮನೆ ಕೇಳಿದೆ ಎಂದು ಬರೆದಿದ್ದೀಯ. ನೀನು ಸುಮ್ಮನೆ ಏನನ್ನೂ ಕೇಳುವವನಲ್ಲ ಎಂದು ನನಗೆ ಗೊತ್ತು.

ಕಾಗದವನ್ನು ಅಪ್ಪನಿಗೆ ಎರಡು ಸಲ ಓದಿದೆ. ಕೈಬಿಟ್ಟು ನಿಲ್ಲುವ ಮಾತು ಕೇಳಿ, "ಅದೇನ್ ದೊಡ್ಡದು, ಬೋಟು ಅಂದ್ರೆ ಜಗ್ಲಿ ಇದ್ದಂಗೆ" ಎಂದ. ಆದರೆ ಮುಖ ಬೇರೆಯೇ ಹೇಳುತ್ತಿತ್ತು. ನಂಬರಿನ ಮಾತು ಬಂದಾಗ ಬೀಡಿ ಆರಿಸಿದ. "ಬತ್ತಾನಂತಾ?" ಎಂದ. ಹಾಗೆ ಬರೆದಿಲ್ಲ ಎಂದೆ. "ಬತ್ತಾನೆ ಬುಡು. ಇಲ್ದಿದ್ರೆ ನಂಬರ್ ತಕಂಡು ಏನ್ ಮಾಡಾನು, ಕತ್ತಿಗೆ ಕಟ್ಕತಾನಾ?" ಎಂದು ಎದ್ದು ಹೋಗಿ, ಮಕಾಡೆ ಹಾಕಿದ್ದ ತೆಪ್ಪದ ಬಿದಿರನ್ನು ಒಂದೊಂದೇ ತಟ್ಟಿ ನೋಡಿದ.

ಸಮಿತಿಯಲ್ಲಿ ವಿಷಯ ಇಟ್ಟೆ. ತಂದೆಯ ನಂಬರು ಮಗನಿಗೋ ಮಗಳಿಗೋ ಹೋಗಬಹುದು, ಆದರೆ ಅವರೇ ನೀರಿನ ಮೇಲಿರಬೇಕು. ಬೇರೆಯವರ ಕೈಗೆ ಕೊಟ್ಟರೆ ನಂಬರು ರದ್ದು. ಈ ಸಾಲನ್ನು ಬರೆಸಿದವಳು ನಾನೇ. ಉಪಾಧ್ಯಕ್ಷ ಸೋಮಯ್ಯ, "ಸಿದ್ದರಾಜು ಬಂದು ನಿಂತ್ಕತಾನೇನವ್ವ? ಸಮುದ್ರ ಕಂಡೋರಿಗೆ ನಮ್ಮ ನೀರು ಕಾಲ್ ತೊಳ್ಯಕೂ ಸಾಲ್ದು" ಎಂದ. ಬರುತ್ತಾನೆ, ಅದಕ್ಕೆ ನಾನು ಜವಾಬ್ದಾರಿ ಎಂದೆ. ಆ ಮಾತಿನ ಮೇಲೆ ಏಳನೇ ನಂಬರು ನಿನ್ನ ಹೆಸರಿಗಾಗಿದೆ.

ಬಲೆ ಬಿಡದ ಮೂರು ತಿಂಗಳು ಕಳೆದು, ಸೆಪ್ಟೆಂಬರಿನಲ್ಲಿ ಹೊಸ ನಂಬರು ಹಿಡಿದು ನೀರಿಗಿಳಿಯುತ್ತೇವೆ. ಅಷ್ಟರಲ್ಲಿ ಬಂದುಬಿಡು. ನಿನ್ನ ಭಾವ ನಿನಗಾಗಿ ಒಂದು ಹುಟ್ಟು ಕೆತ್ತಿಸುತ್ತಿದ್ದಾರೆ. ನನಗೆ ಎಷ್ಟು ಸಂತೋಷವಾಗಿದೆ ಎಂದು ಬರೆಯುವುದಿಲ್ಲ, ನೀನು ಗೇಲಿ ಮಾಡುತ್ತೀಯ.

ಸುನಿತಾ

*

ಮಲ್ಪೆ
೨೭ ಮೇ ೨೦೨೪

ಅಕ್ಕ,

ನಂಬರ್ ಆಗಿದ್ದು ತಿಳಿದು ಬಹಳ ಖುಷಿಯಾಯಿತು. ಅಪ್ಪನಿಗೂ ಹೇಳು.

ಇಲ್ಲಿ ಜೂನ್ ಒಂದರಿಂದ ಬೋಟುಗಳು ಸಮುದ್ರಕ್ಕೆ ಹೋಗುವಂತಿಲ್ಲ, ಮಳೆಗಾಲದ ರಜೆ. ಆಗ ಬರೋಣ ಎಂದಿದ್ದೆ. ಆದರೆ ಬೋಟಿನ ಮಾಲೀಕರು ಬಲೆ ರಿಪೇರಿಗೆ ಇಟ್ಟುಕೊಂಡಿದ್ದಾರೆ. ನೋಡುತ್ತೇನೆ. ದಿನ ಹೇಳಿದರೆ ನೀವು ದಾರಿ ಕಾಯುತ್ತೀರಿ, ಅದಕ್ಕೇ ಹೇಳುವುದಿಲ್ಲ.

ಅಪ್ಪನ ತೆಪ್ಪ ಸುಮ್ಮನೆ ಬಿದ್ದಿದ್ದರೆ ಬಿದಿರು ಹುಳ ಹಿಡಿಯುತ್ತದೆ. ನಿಮ್ಮ ಮೀನು ಒಯ್ಯುವ ಐಸ್ ಗಾಡಿಯ ಕುಮಾರನಿಗೆ ಹೇಳಿದ್ದೇನೆ. ಅವನು ಬಂದು ಒಯ್ದು, ಹೊಸ ಅಡಿ ಹಾಕಿಸಿ ಇಟ್ಟಿರುತ್ತಾನೆ. ಬಂದರೆ ಕೊಡು. ಅವನ ಜೊತೆ ಜಾಸ್ತಿ ಮಾತು ಬೇಡ, ಅವನಿಗೆ ಕೆಲಸವಿರುತ್ತದೆ.

ಸಿದ್ದರಾಜು

*

ಹೊಳೆಕೊಪ್ಪಲು
೧೦ ಸೆಪ್ಟೆಂಬರ್ ೨೦೨೪

ಸಿದ್ದ,

ಮಳೆಗಾಲ ಕಳೆಯಿತು. ನೀನು ಬರಲಿಲ್ಲ. ಎರಡು ಸಲ ಫೋನ್ ಮಾಡಿದಾಗಲೂ "ಮುಂದಿನ ವಾರ" ಎಂದೆ. ಅಪ್ಪ ಈಗ ಕೇಳುವುದನ್ನು ಬಿಟ್ಟಿದ್ದಾನೆ. ಬಸ್ಸು ಬರುವ ಹೊತ್ತಿಗೆ ಮಾತ್ರ ಅವನಿಗೆ ರಸ್ತೆ ಕಡೆ ಏನಾದರೂ ಕೆಲಸವಿರುತ್ತದೆ.

ನಗುವಂಥದ್ದೊಂದು ನಡೆಯಿತು, ಅದನ್ನು ಬರೆಯುತ್ತೇನೆ. ಕೆ.ಆರ್. ಪೇಟೆಯಿಂದ ಪೇಂಟರನ್ನು ಕರೆಸಿ ಎಲ್ಲ ತೆಪ್ಪಗಳ ಹೊರಮೈಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆಸಿದೆವು. ಮೊಳದುದ್ದದ ಅಂಕಿ, ದಡದಿಂದಲೇ ಕಾಣುವಂತೆ. ಎಲ್ಲರೂ ತಮ್ಮ ತಮ್ಮ ನಂಬರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮಾರನೆಯ ದಿನ ಗಂಗೆ ಪೂಜೆ. ಪೂಜೆಗೆ ಮೊದಲು ತೆಪ್ಪಕ್ಕೆ ಹೊಸ ಡಾಂಬರು ಬಳಿಯದೆ ನೀರಿಗಿಳಿಸಿದವರು ನಮ್ಮೂರಲ್ಲಿ ಉಂಟೇ? ಒಲೆ ಹೂಡಿ, ಡಾಂಬರು ಕಾಯಿಸಿ, ಎಲ್ಲರೂ ಬಳಿದೆವು. ಅಧ್ಯಕ್ಷೆಯೂ ಬಳಿದಳು. ಬೆಳಿಗ್ಗೆ ರಘುನಂದನ್ ಸಾಹೇಬರು ಬಂದು ನೋಡಿದರೆ ದಡದ ತುಂಬ ಕರಿ ತೆಪ್ಪಗಳು, ಒಂದರ ಮೇಲೂ ನಂಬರಿಲ್ಲ.

"ನಂಬರ್ ಎಲ್ಲಮ್ಮ?" ಎಂದರು.

ಸೋಮಯ್ಯ ಹೇಳಿದ: "ಐತೆ ಸಾರ್. ಡಾಂಬರ್ ಒಳಗೈತೆ."

ಸಾಹೇಬರು ನೀರಿನ ಕಡೆ ಮುಖ ತಿರುಗಿಸಿದರು. ನಗು ತಡೆದುಕೊಳ್ಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಮತ್ತೆ ಕೂತು ಯೋಚಿಸಿದೆವು. ತೆಪ್ಪದಲ್ಲಿ ಡಾಂಬರು ತಾಗದ ಮರವೆಂದರೆ ನಾವು ಕೂರುವ ಅಡ್ಡಹಲಗೆ ಒಂದೇ. ಅದರ ಮೇಲೆ ಕಾದ ಕಬ್ಬಿಣದಿಂದ ನಂಬರ್ ಸುಟ್ಟೆವು. "ಮೇಲೆ ಕೂತ್ಕಂಡ್ರೆ ಎಂಗ್ ಕಾಣ್ತದೆ?" ಎಂದು ಪುಟ್ಟತಾಯಮ್ಮ ಕೇಳಿದಳು. ಅದಕ್ಕೆ ಅಪ್ಪ, "ಎದ್ದು ನಿಂತ್ಕಂಡು ತೋರ್ಸದು ಕಣಮ್ಮಿ. ತೆಪ್ಪದಾಗೆ ನಿಲ್ಲಕ್ಕೆ ಬರ್ದೋನ್ಗೆ ಲೈಸೆನ್ಸ್ ಯಾಕೆ?" ಎಂದ. ಅದೇ ನಿಯಮವಾಯಿತು. ತಪಾಸಣೆಗೆ ಯಾರು ಬಂದರೂ ಎದ್ದು ನಿಂತು ಹಲಗೆ ತೋರಿಸಬೇಕು.

ಅಪ್ಪ ನನ್ನ ತೆಪ್ಪ ಹತ್ತಿ ನಿಂತು ತೋರಿಸಿದ. ಮಂಡಿ ನಡುಗುತ್ತಿತ್ತು. ತೆಪ್ಪ ಒಂದು ಸುತ್ತು ತಿರುಗಿತು, ಅವನು ಕೈ ಕಟ್ಟಿಕೊಂಡೇ ನಿಂತಿದ್ದ. ಸಾಹೇಬರು ಚಪ್ಪಾಳೆ ತಟ್ಟಿದರು.

ನಿನ್ನ ತೆಪ್ಪ ಕುಮಾರನ ಬಳಿ ಇದೆ. ಒಂದು ಹೊಸ ಹಲಗೆಗೆ ಏಳು ಎಂದು ಸುಟ್ಟು ಅವನಿಗೇ ಕೊಟ್ಟು ಕಳಿಸಿದ್ದೇನೆ. ನೀನು ಬಂದು ಕೂರುವುದೊಂದೇ ಬಾಕಿ.

ಸುನಿತಾ

*

ಹೊಳೆಕೊಪ್ಪಲು
೬ ಅಕ್ಟೋಬರ್ ೨೦೨೪

ಸಿದ್ದರಾಜು,

ಈ ಕಾಗದವನ್ನು ಚಿಕ್ಕದಾಗಿ ಬರೆಯುತ್ತೇನೆ.

ಗುರುವಾರ ಬೆಳಿಗ್ಗೆ ತಪಾಸಣೆಯ ಸರದಿ ನನ್ನದು. ರಘುನಂದನ್ ಸಾಹೇಬರೂ ಸೋಮಯ್ಯನೂ ತೆಪ್ಪದಲ್ಲಿ ನನ್ನ ಜೊತೆಗಿದ್ದರು. ಆಚೆ ದಡದ ಜೊಂಡಿನ ಹತ್ತಿರ ಒಂದು ತೆಪ್ಪ ಕಂಡಿತು. ಅಪ್ಪನ ತೆಪ್ಪ. ದೂರದಿಂದಲೇ ಗುರುತು ಸಿಕ್ಕಿತು. ನೀನು ಹೇಳದೆ ಬಂದು ನೀರಿಗಿಳಿದಿದ್ದೀಯ ಎಂದುಕೊಂಡೆ. ನಿನ್ನ ಹೆಸರು ಹಿಡಿದು ಕೂಗಿದೆ. ಸೋಮಯ್ಯನೂ ಕೂಗಿದ.

ತಿರುಗಿದವನು ಬೇರೆ ಯಾರೋ. ಸೋಮಯ್ಯ, "ಎದ್ದು ನಿಂತ್ಕಂಡು ಅಲ್ಗೆ ತೋರ್ಸಪ್ಪ" ಎಂದ. "ಕೂತೇ ತೋರಿಸ್ತೀನಣ್ಣ" ಎಂದ ಅವನು. ನಿಲ್ಲಲೇಬೇಕು ಎಂದಾಗ ಅಂಚು ಹಿಡಿದು ಎದ್ದ. ಎದ್ದವನು ನೀರಿನಲ್ಲಿದ್ದ. ಎಳೆದು ಹಾಕಿಕೊಂಡು, ದಡಕ್ಕೆ ತಂದು, ಚಹಾ ಕುಡಿಸಿದೆವು. ಅವನ ಬಲೆಯೂ ನಮ್ಮ ಕೈಗೆ ಬಂತು. ಅದರ ಕಣ್ಣಿನಲ್ಲಿ ನನ್ನ ಕಿರುಬೆರಳೂ ಹೋಗಲಿಲ್ಲ. ಒಳಗಿದ್ದದ್ದು ಕಾಟ್ಲಾ ಮರಿ, ಜೂನ್ ತಿಂಗಳಲ್ಲಿ ನಾವೇ ತಂದು ಬಿಟ್ಟಿದ್ದು.

"ನಾನ್ ಕೂಲಿಯವ್ನು ಕಣಕ್ಕ. ನಂಬರ್ ಕುಮಾರಣ್ಣಂದು, ಸಿದ್ದರಾಜಣ್ಣ ಕೊಟ್ಟವ್ರೆ" ಎಂದ. ಎಲ್ಲರ ಎದುರಿಗೇ ಎಂದ.

ಸಂಜೆ ಸಮಿತಿ ಸೇರಿತು. ಎಚ್ಚರಿಕೆ ಕೊಟ್ಟು ಬಿಡೋಣ ಎಂದು ಸೋಮಯ್ಯನೇ ಹೇಳಿದ. "ನಿನ್ನ ತಮ್ಮ ಅಲ್ವಾ, ಬುಡವ್ವ" ಎಂದ. ಹೊರಗಿನ ತೆಪ್ಪದವರಿಗೆ ಆ ಮಾತು ಹೇಳುತ್ತೀರಾ ಎಂದು ಕೇಳಿದೆ. ಏಳನೇ ನಂಬರು ರದ್ದಾಗಿದೆ. ಅದನ್ನು ಓದಿ ಹೇಳಿದವಳು ನಾನು. ಹಲಗೆ ಬಿಚ್ಚಿಕೊಂಡು ಬಂದವಳೂ ನಾನೇ.

ನೀನು ಬರುತ್ತಿದ್ದೀಯ ಎಂದು ತಿಳಿದದ್ದು ನನ್ನ ತಪ್ಪು. ನಿನ್ನ ಕಾಗದಗಳನ್ನು ಮತ್ತೆ ಓದಿ ನೋಡಿದೆ. ಬರುತ್ತೇನೆ ಎಂದು ನೀನು ಎಲ್ಲಿಯೂ ಬರೆದಿಲ್ಲ.

ಸುನಿತಾ

*

ಮಲ್ಪೆ
೧ ಡಿಸೆಂಬರ್ ೨೦೨೪

ಅಕ್ಕ,

ಬರೆಯಬಾರದು ಎಂದುಕೊಂಡಿದ್ದೆ. ಕುಮಾರ ದಿನಾ ಫೋನ್ ಮಾಡಿ ಬೈಯುತ್ತಾನೆ, ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪ ಆ ನೀರಿನಲ್ಲಿ ಬದುಕೆಲ್ಲ ಕಳೆದವನು. ಅವನ ನಂಬರನ್ನು ಊರ ಮುಂದೆ ಕಿತ್ತು ಹಾಕಲು ನಿನಗೆ ಕೈ ಹೇಗೆ ಬಂತು? ಕುಮಾರ ಮೀನಿನ ವ್ಯಾಪಾರಿ. ಐಸ್ ಗಾಡಿ ತಂದು ನಿಮ್ಮ ಮೀನನ್ನೆಲ್ಲ ಶ್ರೀರಂಗಪಟ್ಟಣಕ್ಕೆ ಒಯ್ಯುತ್ತಿದ್ದವನೂ ಅವನೇ. ನಂಬರ್ ಸುಮ್ಮನೆ ಬಿದ್ದಿರುತ್ತದೆ, ನಾನು ನೋಡಿಕೊಳ್ಳುತ್ತೇನೆ ಎಂದ. ನಾನು ಹ್ಞೂಂ ಎಂದೆ. ಇಲ್ಲಿ ದೊಡ್ಡ ದೊಡ್ಡವರೇ ಹಾಗೆ ಮಾಡುತ್ತಾರೆ. ಒಬ್ಬರ ಹೆಸರಿನ ಲೈಸೆನ್ಸು, ಇನ್ನೊಬ್ಬರ ಬೋಟು. ಯಾರೂ ಯಾರನ್ನೂ ಎದ್ದು ನಿಲ್ಲಿಸುವುದಿಲ್ಲ.

ನಿನಗೆ ಅಧ್ಯಕ್ಷಗಿರಿ ಬಂದ ಮೇಲೆ ತಮ್ಮ ಬೇಡವಾದ. ಆಗಲಿ. ನನಗೆ ನಿಮ್ಮ ಬುಟ್ಟಿಯ ನಂಬರು ಬೇಕಿಲ್ಲ. ನನ್ನ ಕಾಲಡಿ ಸಮುದ್ರವಿದೆ.

ಅಪ್ಪನಿಗೆ ಈ ಕಾಗದ ಓದಬೇಡ. ಅವನ ಮುಖ ನೋಡಲು ನನಗಾಗುವುದಿಲ್ಲ, ನಿನ್ನಿಂದಾಗಿ.

ಸಿದ್ದರಾಜು

*

ಹೊಳೆಕೊಪ್ಪಲು
೧೯ ಜನವರಿ ೨೦೨೫

ಸಿದ್ದ,

ನಿನ್ನ ಕಾಗದವನ್ನು ಅಪ್ಪನಿಗೆ ಓದಲಿಲ್ಲ. ಅವನೂ ಕೇಳಲಿಲ್ಲ. ಲಕೋಟೆ ನೋಡಿ, "ಕ್ವಾಪ ಮಾಡ್ಕಂಡವ್ನಾ?" ಎಂದ. ಹೌದೆಂದೆ. "ಮಾಡ್ಕಳ್ಲಿ. ಕ್ವಾಪ ಇದ್ರೆ ಮಾನ ಐತೆ ಅಂತ" ಎಂದ.

ಅವನ ಮುಖದ ಬಗ್ಗೆ ಬರೆದಿದ್ದೀಯ. ಆ ಸಂಜೆ ಹಲಗೆಯನ್ನು ಮನೆಗೆ ತಂದಾಗ ನನಗೂ ಅದೇ ಭಯವಿತ್ತು. ಜಗಲಿಯಲ್ಲಿ ಕೂತಿದ್ದ. ಹಲಗೆಯನ್ನು ಪಕ್ಕದಲ್ಲಿಟ್ಟು ಒಳಗೆ ಹೋಗಿಬಿಟ್ಟೆ. ಊಟಕ್ಕೆ ಕರೆದಾಗ ಬರಲಿಲ್ಲ. ವಾರವೆಲ್ಲ ಹಾಗೇ ಹೋಯಿತು.

ಆಮೇಲೆ ಸಂತೆಬಾಚಹಳ್ಳಿ ಸಂತೆಗೆ ಹೋದ. ಅಲ್ಲಿ ಏನಾಯಿತೆಂದು ಪುಟ್ಟತಾಯಮ್ಮ ಬಂದು ಹೇಳಿದಳು. ಅವಳ ಮೀನಿನ ಬುಟ್ಟಿಯ ಹತ್ತಿರ ಯಾರೋ ಚಿಕ್ಕಯ್ಯನ ನಂಬರ್ ಹೋಯಿತಂತೆ ಎಂದು ನಕ್ಕರಂತೆ. ಅಪ್ಪ ಅವರ ಎದುರು ಹೋಗಿ ನಿಂತು, "ಊಂ ಕಣ್ರಲಾ, ನನ್ನ ನಂಬರ್ ಓಯ್ತು. ಕಿತ್ತಾಕಿದ್ದು ಯಾರು ಗೊತ್ತಾ? ನನ್ ಮಗಳು. ಅಪ್ಪನ್ದು ಅಂತ ನೋಡ್ಲಿಲ್ಲ, ತಮ್ಮನ್ದು ಅಂತ ನೋಡ್ಲಿಲ್ಲ. ನಿಮ್ಮೂರಾಗೆ ಅಂತ ಒಬ್ಳನ್ನ ತೋರ್ಸ್ರಲಾ, ನೋಡಾನ" ಎಂದನಂತೆ. ಈಗ ಸಂತೆಗೆ ಹೋದಾಗಲೆಲ್ಲ ಯಾರೂ ಕೇಳದಿದ್ದರೂ ಅದೇ ಕಥೆ. "ಕೇಳೀ ಕೇಳೀ ನನ್ನ ಮೀನೆಲ್ಲ ಕೊಳ್ತೋಯ್ತದೆ, ನಿಮ್ಮಪ್ಪನ್ನ ಮನೇಲಿ ಕಟ್ಟಾಕವ್ವ" ಎನ್ನುತ್ತಾಳೆ ಪುಟ್ಟತಾಯಮ್ಮ. ಹೇಳುವಾಗ ಅವಳೂ ಸೆರಗಿನಿಂದ ಮೂಗು ಒರೆಸಿಕೊಂಡಳು.

ನಾನು ಅವನ ಎದುರಿಗೆ ಈ ಮಾತು ಎತ್ತಿಲ್ಲ. ಅವನೂ ಎತ್ತಿಲ್ಲ. ಆದರೆ ಆ ಹಲಗೆಯನ್ನು ಮನೆಯೊಳಗೆ ತೆಗೆದುಕೊಂಡಿದ್ದಾನೆ. ಊಟಕ್ಕೆ ಕೂರುವುದು ಅದರ ಮೇಲೆಯೇ. ಮಣೆ ಕೊಟ್ಟರೆ ಬೇಡ ಎನ್ನುತ್ತಾನೆ.

ಕುಮಾರ ಐಸ್ ಗಾಡಿ ನಿಲ್ಲಿಸಿದ. ನಮಗೆ ಕಷ್ಟವಾಗಲಿಲ್ಲ ಎನ್ನಲಾರೆ. ಒಂದು ತಿಂಗಳು ಬಸ್ಸಿನ ಮೇಲೆ ಬುಟ್ಟಿ ಹಾಕಿಕೊಂಡು ಪಾಂಡವಪುರಕ್ಕೂ ನಾಗಮಂಗಲಕ್ಕೂ ಹೋಗಿ ಮಾರಿದೆವು. ಕಂಡಕ್ಟರು ವಾಸನೆ ಎಂದು ಬೈದ, ಆಮೇಲೆ ಅವನೇ ತನಗೊಂದು ಮೀನು ಎತ್ತಿಟ್ಟಿರಿ ಎಂದ. ಈಗ ಸಂಘವೇ ಒಂದು ಗಾಡಿ ಗೊತ್ತು ಮಾಡಿದೆ.

ಹೋದ ಸೋಮವಾರ ಸೋಮಯ್ಯನ ಬಲೆಗೆ ಒಂದು ಕಾಟ್ಲಾ ಬಿತ್ತು. ಎಳೆದುಕೊಂಡಾಗ ತೆಪ್ಪ ವಾಲಿತು. ದಡಕ್ಕೆ ತಂದಾಗ ಊರೆಲ್ಲ ಬಂದು ನೋಡಿತು. ಅಪ್ಪ ಅದರ ಬೆನ್ನು ಸವರಿ, "ಬಂದ್ಯಾ" ಎಂದ. ಮೀನಿಗೆ ಹೇಳಿದ. ನನಗೆ ಮಾತ್ರ ಮೀನಿಗೆ ಹೇಳಿದ ಹಾಗೆ ಕೇಳಲಿಲ್ಲ.

ಇದಕ್ಕೆ ಉತ್ತರ ಬರೆಯಬೇಕೆಂದೇನೂ ಇಲ್ಲ.

ಸುನಿತಾ

*

ಮಲ್ಪೆ
೨೨ ಜೂನ್ ೨೦೨೫

ಅಕ್ಕ,

ಐದು ತಿಂಗಳು ನಿನ್ನ ಕಾಗದವನ್ನು ಶರ್ಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮಡಿಕೆಯಲ್ಲಿ ಹರಿದಿದೆ. ಅಪ್ಪ ಸಂತೆಯಲ್ಲಿ ಆಡಿದ ಮಾತನ್ನು ತಂಡೇಲರಿಗೆ ಓದಿ ಹೇಳಿದೆ. ಈ ಸಲ ನಗಲಿಲ್ಲ. "ಇನ್ನೊಂದು ಸಲ ಓದು ಮಾರಾಯ" ಎಂದರು.

ಇಲ್ಲಿ ನಡೆದದ್ದನ್ನೂ ಹೇಳಿಬಿಡುತ್ತೇನೆ. ನಮ್ಮ ಬೋಟು ಹೋದ ವರ್ಷದ ಫೆಬ್ರವರಿಯಿಂದಲೇ ಸರಿಯಾಗಿ ಸಮುದ್ರಕ್ಕೆ ಹೋಗುತ್ತಿರಲಿಲ್ಲ. ಬಲೆಯ ತುದಿಯ ಚೀಲದ ಕಣ್ಣು ತೀರಾ ಸಣ್ಣದು ಎಂದು ಎರಡು ಸಲ ಹಿಡಿದರು. ಆಮೇಲೆ ಲೈಸೆನ್ಸ್ ತಡೆಹಿಡಿದರು. ನಿನ್ನ ಮೊದಲ ಕಾಗದ ಬಂದಾಗ ನನಗೆ ಮುಂದಿನ ಕೆಲಸ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಚೆನ್ನಾಗಿದ್ದೇನೆ ಎಂದು ಬರೆದೆ. ನೀನು ಅಧ್ಯಕ್ಷೆ ಎಂದು ಬರೆದ ಕಾಗದಕ್ಕೆ, ನನಗೆ ಕೆಲಸವಿಲ್ಲ ಎಂದು ಹೇಗೆ ಉತ್ತರ ಬರೆಯಲಿ?

ಆ ಚೀಲ ಬಿಚ್ಚಿದಾಗ ಡೆಕ್ಕಿನ ಮೇಲೆ ಸುರಿಯುವುದನ್ನು ನೀನು ನೋಡಬೇಕಿತ್ತು. ಬೆರಳುದ್ದದ ಮರಿಗಳು, ಮೊಣಕಾಲಿನವರೆಗೆ. ತಿನ್ನಲಿಕ್ಕಲ್ಲ, ಮೀನನ್ನು ಒಣಗಿಸಿ ಹಿಟ್ಟು ಮಾಡುವ ಕಾರ್ಖಾನೆಗೆ. ನಾನು ಸಲಿಕೆಯಲ್ಲಿ ಎತ್ತಿ ತುಂಬುತ್ತಿದ್ದೆ. ಎಲ್ಲರೂ ತುಂಬುತ್ತಿದ್ದರು, ಅದರಲ್ಲಿ ಏನೂ ಅನ್ನಿಸುತ್ತಿರಲಿಲ್ಲ. ಕುಮಾರನ ಆಳಿನ ಬಲೆಯಲ್ಲಿ ನಿನ್ನ ಕಿರುಬೆರಳು ಹೋಗಲಿಲ್ಲ ಎಂದು ಓದಿದ ಮೇಲೆ ಅನ್ನಿಸತೊಡಗಿತು. ಅದು ನನಗೆ ಇಷ್ಟವಾಗಲಿಲ್ಲ, ಅದಕ್ಕೇ ನಿನಗೆ ಹಾಗೆ ಬರೆದೆ.

ಈಗ ಬೇರೆ ಬೋಟಿನಲ್ಲಿದ್ದೇನೆ. ಅದರ ಬಲೆಯ ಕಣ್ಣು ದೊಡ್ಡದು, ಲೈಸೆನ್ಸ್ ಸರಿಯಾಗಿದೆ. ತಂಡೇಲರೂ ಇದಕ್ಕೇ ಬಂದರು. ಊರಿಗೆ ಬಂದರೆ ಗತಿಯಿಲ್ಲದೆ ಬಂದ ಎಂದು ನೀನು ತಿಳಿಯಬಾರದು. ಇಲ್ಲಿ ನನ್ನನ್ನು ಉಳಿಸಿಕೊಳ್ಳಲು ಇವರು ತಯಾರಿದ್ದಾರೆ.

ಈ ಮಳೆಗಾಲದ ರಜೆಯಲ್ಲಿ ಬಂದರಿನ ಹಿಂದಿನ ಹೊಳೆಯಲ್ಲಿ ಒಂದು ಸಣ್ಣ ದೋಣಿ ಸಿಕ್ಕಿತು. ಅದರಲ್ಲಿ ನಿಂತು ನೋಡಿದೆ. ನಿಂತೆ. ಆದರೆ ಅದಕ್ಕೆ ಮೂತಿ ಇದೆ, ಬಾಲ ಇದೆ. ತೆಪ್ಪಕ್ಕೆ ಎರಡೂ ಇಲ್ಲ. ಮಲಗಿದಾಗ ಕಾಲು ತೆಪ್ಪದಲ್ಲಿ ಹೇಗೆ ಊರಬೇಕೆಂದು ಯೋಚಿಸುತ್ತೇನೆ. ಎಡಗಾಲು ಮೊದಲೋ ಬಲಗಾಲು ಮೊದಲೋ ಮರೆತುಹೋಗಿದೆ. ಅಪ್ಪನನ್ನು ಕೇಳಬೇಡ.

ರದ್ದಾದ ನಂಬರಿಗೆ ಹೊಸಬರು ಅರ್ಜಿ ಹಾಕಬಹುದೇ? ಹೊಸಬರು ಎಂದರೆ ಯಾರಾದರೂ. ಈ ಸಲ ಸುಮ್ಮನೆ ಕೇಳುತ್ತಿಲ್ಲ.

ಸಿದ್ದರಾಜು

*

ಹೊಳೆಕೊಪ್ಪಲು
೫ ಜುಲೈ ೨೦೨೫

ಸಿದ್ದ,

ಕೇಳಿದ್ದಕ್ಕೆ ಉತ್ತರ ಮೊದಲು. ಹಾಕಬಹುದು. ರದ್ದಾದ ನಂಬರು ಒಂದು ಮೀನುಗಾರಿಕೆಯ ಕಾಲವಿಡೀ ಖಾಲಿ ಇರಬೇಕು, ಇತ್ತು. ಅರ್ಜಿದಾರರು ತಾವೇ ಬರಬೇಕು. ತಮ್ಮ ಬಲೆ ತರಬೇಕು, ಸಮಿತಿಯವರು ಬೆರಳಿಟ್ಟು ನೋಡುತ್ತಾರೆ. ಆಮೇಲೆ ದಡದಿಂದ ಸ್ವಲ್ಪ ದೂರ ಹುಟ್ಟು ಹಾಕಿಕೊಂಡು ಹೋಗಿ, ಎದ್ದು ನಿಂತು, ಕೈ ಬಿಡಬೇಕು. ಗಂಗೆ ಪೂಜೆಯ ಹಿಂದಿನ ದಿನ, ಆಗಸ್ಟ್ ಕೊನೆಯ ಭಾನುವಾರ, ಬೆಳಿಗ್ಗೆ. ಈಗಾಗಲೇ ಇಬ್ಬರು ಅರ್ಜಿ ಹಾಕಿದ್ದಾರೆ. ಒಬ್ಬಳು ಪುಟ್ಟತಾಯಮ್ಮನ ಸೊಸೆ ಅರ್ಪಿತ, ಚೆನ್ನಾಗಿ ನಿಲ್ಲುತ್ತಾಳೆ. ನೀನು ಬಂದರೆ ಮೂರನೆಯವನು. ಚಿಕ್ಕಯ್ಯನ ಮಗನೆಂದು ಸಾಲಿನಲ್ಲಿ ಮುಂದೆ ಬಿಡುವುದಿಲ್ಲ.

ನಿನಗೆ ಗತಿಯಿಲ್ಲ ಎಂದು ನಾನು ತಿಳಿದಿಲ್ಲ. ಇದ್ದ ಕೆಲಸ ಬಿಟ್ಟು ಸಾಲಿನ ಕೊನೆಯಲ್ಲಿ ನಿಲ್ಲಲು ಕೇಳುವವನಿಗೆ ಗತಿಯಿಲ್ಲ ಎನ್ನುವುದಿಲ್ಲ.

ಅಪ್ಪನನ್ನು ಕೇಳಬೇಡ ಎಂದು ನೀನು ಬರೆದಿದ್ದರೂ ಕಾಗದವನ್ನು ಅವನಿಗೆ ಓದಿದೆ. ಮರಿಗಳ ಮಾತು ಬಂದಾಗ ಕಣ್ಣು ಮುಚ್ಚಿಕೊಂಡ. ಕಾಲಿನ ಮಾತು ಬಂದಾಗ ಕಣ್ಣು ಬಿಟ್ಟು, "ಎಡಗಾಲೂ ಅಲ್ಲ ಬಲಗಾಲೂ ಅಲ್ಲ, ಎಲ್ಡೂ ಒಟ್ಗೇ ಕಣ್ಲಾ, ಅಂತ ಬರಿ" ಎಂದ. ಆಮೇಲೆ ಕೂತಿದ್ದ ಹಲಗೆಯಿಂದ ಎದ್ದು, ಅದನ್ನು ಒರೆಸಿ ಗೋಡೆಗೆ ಒರಗಿಸಿಟ್ಟ. ರಾತ್ರಿ ಊಟಕ್ಕೆ ಮಣೆ ಕೇಳಿದ.

ಅದನ್ನು ನಿನಗೆಂದು ಎತ್ತಿಟ್ಟಿದ್ದಾನೆ ಎಂದು ನಾನು ಹೇಳುವುದಿಲ್ಲ. ಆ ದಿನ ಯಾರು ಸರಿಯಾಗಿ ನಿಲ್ಲುತ್ತಾರೋ ಅವರಿಗೆ ಕೊಡುತ್ತಾನೆ. ಅರ್ಪಿತಳಿಗೆ ಹೋದರೂ ಅವಳ ತಲೆ ಮುಟ್ಟಿ ಕೊಡುತ್ತಾನೆ, ನನಗೆ ಗೊತ್ತು.

ಇನ್ನೊಂದು ಮಾತು. ಇದು ನಿನಗೆ ಮಾತ್ರ ಬರೆಯುತ್ತಿರುವುದು. ಸೋಮಯ್ಯನಿಗೂ ನಿನ್ನ ಭಾವನಿಗೂ ಇನ್ನೂ ಹೇಳಿಲ್ಲ. ಆ ಭಾನುವಾರ ನಾನು ಅಧ್ಯಕ್ಷರ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನಿನ್ನ ಬಲೆಗೆ ಬೆರಳಿಡುವುದು ಸೋಮಯ್ಯ. ನಾನು ದಡದಲ್ಲಿ ಅಪ್ಪನ ಪಕ್ಕ ನಿಂತಿರುತ್ತೇನೆ. ತೆಪ್ಪ ತಿರುಗಲಿ, ವಾಲಲಿ, ನಿನ್ನ ಹೆಸರು ಹಿಡಿದು ಕೂಗುವುದಿಲ್ಲ.

ಸುನಿತಾ